ಗೋಡೆಯಿಂದ ಇಳಿದ ಫೋಟೋ

ಆಸ್ಟ್ರೇಲಿಯದ ನಟ್ಟನಡುವಿನ ಮರುಭೂಮಿಯಲ್ಲಿರುವ ಉಲೂರು ಎಂಬ ಕೆಂಪು ಬಂಡೆಯನ್ನು ನಾವು ನೋಡಿದ್ದು ಎರಡು ಸಲ. 2004ರಲ್ಲಿ ದಂಪತಿಗಳಿಬ್ಬರೇ, 2023ರ ಜುಲೈನಲ್ಲಿ ಮೆಲ್ಬರ್ನಿನ ಮಗನ ಸಂಸಾರದೊಡನೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ. ಹೊರಗೆ, ಯುಲಾರದಲ್ಲಿ ಡೇರೆ ಹಾಕಿದೆವು. ಮುಂಬಯಿಯ ಸೆಕೆಗೆ ಒಗ್ಗಿದ ಮೈಗೆ ಆ ಚಳಿಯಲ್ಲಿ ಎರಡು ಕಂಬಳಿಯೂ ಸಾಲಲಿಲ್ಲ.

ಬೆಳಿಗ್ಗೆ ಬಂಡೆಯ ಸುತ್ತ ಹತ್ತು ಕಿಲೋಮೀಟರು ನಡಿಗೆ. ಕೆಲವೆಡೆ ಫೋಟೋ ತೆಗೆಯಬಾರದೆಂಬ ಫಲಕಗಳು. ಅವು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಪವಿತ್ರ ಸ್ಥಳಗಳು. ಗರ್ಭಗುಡಿಯ ಮುಂದೆ ನಿಂತವರಂತೆ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದೆವು.

ಒಂದೆಡೆ ಬಂಡೆಯ ಮೇಲೆ ಬಿಳಿಚಿದ ಗೆರೆ ಕಂಡಿತು.

"ಅದೇನಜ್ಜ?" ಎಂದ ಮೊಮ್ಮಗ.

"ಜನ ಹತ್ತಿ ಹತ್ತಿ ಸವೆದ ದಾರಿ ಮಗೂ. 2019ರ ಅಕ್ಟೋಬರ್ 26ರಿಂದ ಹತ್ತುವ ಹಾಗಿಲ್ಲ."

"ಮತ್ತೆ ಡೊಂಬಿವಲಿ ಮನೆಯಲ್ಲಿ ನೀವಿಬ್ಬರೂ ಮೇಲೆ ನಿಂತಿರೋ ಫೋಟೋ ಇದೆಯಲ್ಲ?"

ಬಾಯಿ ಕಟ್ಟಿತು. 1985ರಲ್ಲೇ ಆ ನೆಲದ ಒಡೆತನ ಅನಂಗು ಜನರಿಗೆ ಮರಳಿತ್ತು. ನಾವು ಹತ್ತಿದ ದಿನವೂ "ದಯವಿಟ್ಟು ಹತ್ತಬೇಡಿ" ಎಂಬ ಅವರ ವಿನಂತಿ ಬುಡದಲ್ಲೇ ಇತ್ತು. ಓದಿಯೇ ಹತ್ತಿದ್ದೆವು. ನಿಷೇಧವೇನೂ ಇರಲಿಲ್ಲವಲ್ಲ, ಇಷ್ಟು ಖರ್ಚುಮಾಡಿ ಬಂದಿದ್ದೇವಲ್ಲ ಎಂಬ ಸಮಾಧಾನ ನಮ್ಮದು.

ಊರು ಬಿಟ್ಟು ಪರಸ್ಥಳದಲ್ಲಿ ಬಾಳು ಕಟ್ಟಿದವರು ನಾವು. ಇರುವ ನೆಲದವರ ಮಾತಿಗೆ ಬೆಲೆ ಕೊಡಬೇಕೆಂದು ಮಕ್ಕಳಿಗೆ ಹೇಳುತ್ತ ಬಂದವರು. ಅಂದು ರಾತ್ರಿ ಡೇರೆಯ ಮುಂದೆ ಕುಳಿತು ಮೊಮ್ಮಗನಿಗೆ ನಿಜ ಹೇಳಿದೆವು.

ಡೊಂಬಿವಲಿಗೆ ಮರಳಿದ ಮೇಲೆ ಫೋಟೋ ಕೆಳಗಿಳಿಯಿತು. ಗೋಡೆಯ ಮೊಳೆ ಹಾಗೇ ಇದೆ.