ಒಬಾಮಾ ಪ್ರಮಾಣವಚನವೂ ಅಪ್ಪನ ಅರ್ಕಾವೊತ್ತೂ

ಈಗಿನ ಹುಡುಗರಿಗೆ ಫೋನಿನಲ್ಲಿ ಕನ್ನಡ ಒತ್ತೋದು ನೀರು ಕುಡಿದಷ್ಟು ಸುಲಭ. 2008ರಲ್ಲಿ ಹಾಗಿರಲಿಲ್ಲ ಕಣ್ರೋ. ನಾನಾಗ ಮೇರಿಲ್ಯಾಂಡಿನಲ್ಲಿ ಎಂ.ಎಸ್. ಓದುತ್ತಿದ್ದೆ. ಅಪ್ಪ ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದಿ ತಿದ್ದಿ ನಿವೃತ್ತರಾಗಿ ಹನುಮಂತನಗರದ ಮನೆಯಲ್ಲಿ ಕೂತು ‘ನುಡಿ’ ತಂತ್ರಾಂಶದಲ್ಲಿ ಲೇಖನ ಟೈಪ್ ಮಾಡಿ ಕಳಿಸೋರು. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರ.

ಹಳೇ ಫಾಂಟಿನ ಬರಹವನ್ನು ಯುನಿಕೋಡಿಗೆ ತಿರುಗಿಸೋ ಪ್ರೋಗ್ರಾಂ ಬರೆಯಲು ಕೂತೆ. ಕೋರ್ಸಿನ ಪ್ರಾಜೆಕ್ಟುಗಳು ಹೇಗೋ ಮುಗಿಯೋವು, ಇದು ಮಾತ್ರ ಮುಗಿಯೋ ಹಾಗೇ ಕಾಣಲಿಲ್ಲ. ಪ್ರಾಣ ತಿಂದದ್ದು ಅರ್ಕಾವೊತ್ತು. ‘ಕರ್ನಾಟಕ’ ಎಂದು ಬರೆದರೆ ಹಳೇ ಫಾಂಟು ಕಣ್ಣಿಗೆ ಕಂಡಂತೆ ಮೊದಲು ‘ನಾ’, ಆಮೇಲೆ ಅರ್ಕಾವೊತ್ತು ಇಟ್ಟುಕೊಳ್ಳುತ್ತೆ. ಯುನಿಕೋಡು ಬಾಯಲ್ಲಿ ಹೇಳಿದಂತೆ ಮೊದಲು ‘ರ್’, ಆಮೇಲೆ ‘ನಾ’. ಅರ್ಕಾವೊತ್ತು ಕಂಡಲ್ಲೆಲ್ಲ ಒಂದು ಪೂರ್ತಿ ಅಕ್ಷರ ಹಿಂದಕ್ಕೆ ಹೋಗಿ ‘ರ್’ ಕೂರಿಸಬೇಕು. ನಾನು ‘ಮೂರ್ತಿ’, ‘ಧರ್ಮ’ ಸರಿಮಾಡಿ ಕಳಿಸಿದರೆ ಅಪ್ಪ ‘ಕಾರ್ತ್ಸ್ನ್ಯ’ ಎಂಬ ಒಂದೇ ಪದ ಬರೆದು ವಾಪಸು ಕಳಿಸಿದರು. ಒಂದರ ಕೆಳಗೊಂದು ಮೂರು ಒತ್ತು, ಪಕ್ಕದಲ್ಲೊಂದು ಅರ್ಕಾವೊತ್ತು. ಪ್ರೋಗ್ರಾಂ ಮಕಾಡೆ ಮಲಗಿತು.

ಅಷ್ಟರಲ್ಲಿ ಬಂತು 2009ರ ಜನವರಿ 20, ವಾಷಿಂಗ್ಟನ್ನಿನಲ್ಲಿ ಒಬಾಮಾ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸೋ ದಿನ. ಅವತ್ತು ಮೆಟ್ರೋ ಬೆಳಗಿನ ಜಾವ 4ಕ್ಕೇ ಶುರು. ರೂಂಮೇಟುಗಳ ಜೊತೆ ಗ್ರೀನ್‌ಬೆಲ್ಟಿನಲ್ಲಿ ಹತ್ತಿದರೆ ಒಳಗೆ ಕೈ ಎತ್ತಲೂ ಜಾಗವಿಲ್ಲ. ಟಿಕೆಟ್ಟಿಲ್ಲದ ನಮಗೆ ನ್ಯಾಷನಲ್ ಮಾಲ್ ಬಯಲೇ ಗತಿ. ವಾಷಿಂಗ್ಟನ್ ಸ್ಮಾರಕದ ಹತ್ತಿರ, ದೊಡ್ಡ ಪರದೆಯೆದುರು, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ನಿಂತೆವು. ಸುಮಾರು 18 ಲಕ್ಷ ಜನ ಸೇರಿದ್ದರೆಂದು ಆಮೇಲೆ ಲೆಕ್ಕ ಹಾಕಿದರು. ಪಕ್ಕದಲ್ಲಿದ್ದ ಕಪ್ಪು ಅಜ್ಜಿಯೊಬ್ಬರು ನನ್ನ ನಡುಗುವ ಕೈಗೆ ಬಿಸಿಪೊಟ್ಟಣವೊಂದನ್ನು ತುರುಕಿದರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಬಯಲಿನ ಆಚೆ ತುದಿಯಲ್ಲಿ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಮಾತಾಡಿದಾಗಲೂ ಬಂದಿದ್ದರಂತೆ.

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಚೀಟಿ ಹಿಡಿಯದೆ ಬಾಯಿಪಾಠವಾಗಿ ಪ್ರಮಾಣವಚನ ಹೇಳಿಕೊಟ್ಟರು. ಸಂವಿಧಾನದಲ್ಲಿ ಬರೆದಿಟ್ಟಿರೋದು 35 ಪದ. ಅದರಲ್ಲಿ ‘ನಿಷ್ಠೆಯಿಂದ’ ಅನ್ನೋದು ತನ್ನ ಜಾಗ ಬಿಟ್ಟು ವಾಕ್ಯದ ತುದಿಗೆ ಹೋಯಿತು. ಒಬಾಮಾ ತಡೆದರು, ರಾಬರ್ಟ್ಸ್ ತಿದ್ದಲು ಹೋದರು, ಕಡೆಗೆ ಒಬಾಮಾ ತಪ್ಪಾದ ಕ್ರಮದಲ್ಲೇ ಹೇಳಿಬಿಟ್ಟರು. ಬಯಲಿನಲ್ಲಿ ಅದು ಯಾರಿಗೆ ಬೇಕಿತ್ತು? ಅಜ್ಜಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ನಮ್ಮ ಕಣ್ಣೂ ತುಂಬಿತ್ತು.

ರಾತ್ರಿ ರೂಮಿಗೆ ಬಂದು ಮನೆಗೆ ಫೋನ್ ಮಾಡಿದೆ. ನಮ್ಮೂರಲ್ಲಿ ರಾತ್ರಿ ಹತ್ತೂವರೆಗೆ ಅಪ್ಪ ಟಿವಿಯಲ್ಲಿ ಎಲ್ಲ ನೋಡಿದ್ದರು.

“ಏನೋ ಅದು, ಪದಾನ ಹಿಂದುಮುಂದು ಮಾಡಿಬಿಟ್ರಲ್ಲೋ? ಪ್ರೂಫ್ ನೋಡೋರು ಯಾರೂ ಇರ್ಲಿಲ್ವಾ?”

“ಅರ್ಥ ಒಂದೇ ತಾನೇ ಅಪ್ಪ?”

“ಅರ್ಥ ಒಂದೇ ಆದ್ರೆ ಸಾಕು ಅನ್ನೋ ಹಾಗಿದ್ರೆ, ನೀನ್ಯಾಕೋ ಅರ್ಕಾವೊತ್ತಿಗೆ ನಿದ್ದೆ ಕೆಡಿಸ್ಕೊಂಡಿದ್ದೀಯ?”

ನಾನು ಬಾಯಿ ಮುಚ್ಚಿಕೊಂಡೆ. ಮಾರನೇ ದಿನ ಸಂಜೆ ಶ್ವೇತಭವನದ ಮ್ಯಾಪ್ ರೂಮಿನಲ್ಲಿ ರಾಬರ್ಟ್ಸ್ ಮತ್ತೊಮ್ಮೆ, ಈ ಸಲ ನಿಧಾನವಾಗಿ, ಪ್ರಮಾಣವಚನ ಬೋಧಿಸಿದರು. ಯಾರೂ ಆಮೇಲೆ ತಕರಾರು ತೆಗೆಯಬಾರದಲ್ಲ, ಅದಕ್ಕೆ. ಸುದ್ದಿ ಕೇಳಿದ ಅಪ್ಪನೇ ಈ ಸಲ ಫೋನ್ ಮಾಡಿದರು.

“ನೋಡಿದ್ಯಾ, ಅಧ್ಯಕ್ಷರಿಗೇ ಎರಡನೇ ಪ್ರೂಫ್ ಬೇಕಾಯ್ತು. ನಿನ್ನ ‘ಕಾರ್ತ್ಸ್ನ್ಯ’ ಎಲ್ಲಿಗೆ ಬಂತು?”