ಮಾತಿನ ಬಾಲ

ಬನಶಂಕರಿ ಜಾತ್ರೆ ಅಂದರೆ ನಮ್ಮ ನಾಟಕದವರಿಗೆ ಸುಗ್ಗಿ. ಬಾದಾಮಿ ಪಕ್ಕದ ಆ ಊರಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು ಎಳೆದರೆ ಮುಗಿಯಿತು, ಆಮೇಲೆ ವಾರಗಟ್ಟಲೆ ರಾತ್ರಿಯೆಲ್ಲ ಆಟ. ಕಂಪನಿಗಳು ಒತ್ತೊತ್ತಾಗಿ ಟೆಂಟು ಹೊಡೆದಿರುತ್ತಿದ್ದವು. ನಮ್ಮ ರಂಗದ ಮೇಲೆ ತಾಯಿ ಅಳುತ್ತಿದ್ದರೆ, ಪಕ್ಕದವರ ಹಾಸ್ಯಕ್ಕೆ ಬಿದ್ದ ಸಿಳ್ಳೆ ಇಲ್ಲಿಗೇ ಕೇಳುತ್ತಿತ್ತು.

1970ರ ದಶಕದ ಮಾತು ಇದು. ನಾನಾಗ ಕಂಪನಿಗೆ ಹೊಸಬ. ನಮ್ಮಲ್ಲೊಬ್ಬ ಹಿರಿಯ ನಟರಿದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಹರೆಯದಲ್ಲಿ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡಿದವರು. ಆ ಕಾಲದಲ್ಲಿ ಅದು ಹೊಸದೇನಲ್ಲ. 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರೂ ಸ್ತ್ರೀಪಾತ್ರ ಮಾಡಿ ಬೆಳೆದವರೇ, ಮುಂದೆ ಬಸವಣ್ಣನಾಗಿ ಜನ ಕೈಮುಗಿಯುವಂತೆ ಮಾಡಿದರು. ಮೈಕು ಇಲ್ಲದಾಗ ಚಾಪೆಯವರಿಂದ ಕಟ್ಟಕಡೆಯ ಸಾಲಿನವರೆಗೆ ಬರೀ ಗಂಟಲಿನಿಂದಲೇ ಮುಟ್ಟಿಸಬೇಕಿತ್ತು. ನಮ್ಮ ಹೊತ್ತಿಗೆ ರಂಗದ ಮೇಲೆ ಮೈಕು ತೂಗುತ್ತಿದ್ದವು. ಮಾತು ಬಂದಾಗ ಅದರ ಕೆಳಗೆ ಹೋಗಿ ನಿಂತರೆ ಅರ್ಧ ಅಭಿನಯ ಆದಂತೆ.

ಜಾತ್ರೆಯ ಒಂದು ರಾತ್ರಿ, ಎರಡನೇ ಆಟ. ಅಪ್ಪ-ಮಗನ ಜಗಳದ ಸೀನು; ಅಪ್ಪ ಕಾಕಾ, ಮಗ ನಾನು. ನಡುವೆ ಜನರೇಟರ್ ಕೆಮ್ಮಿ ನಿಂತುಬಿಟ್ಟಿತು. ದೀಪವೂ ಹೋಯಿತು, ಮೈಕೂ ಹೋಯಿತು. ಮಾಲೀಕರು ಪೆಟ್ರೋಮ್ಯಾಕ್ಸ್ ಹಚ್ಚಿಸಿ ಸೈಡ್ ವಿಂಗಿನಿಂದ ಒಳಕ್ಕೆ ದೂಡಿದರು. ನಾನು ಗಂಟಲು ಹರಿಯುವಂತೆ ಒದರಿದೆ. ಹಿಂದಿನಿಂದ ಕೂಗು ಬಂತು: “ಏ, ಕೇಳಸವಲ್ದೋ!”

ಕಾಕಾ ಅವಸರ ಮಾಡಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಮುಖವನ್ನು ಅರ್ಧ ನನ್ನ ಕಡೆಗೆ, ಅರ್ಧ ಜನರ ಕಡೆಗೆ ಇಟ್ಟುಕೊಂಡು ಮಾತು ಶುರು ಮಾಡಿದರು. ಸಿಟ್ಟಿನ ಮಾತು, ಆದರೆ ಕಿರುಚಾಟವಿಲ್ಲ. ಹಾರ್ಮೋನಿಯಂ ಮಾಸ್ತರರು ಮೆಲ್ಲಗೆ ಶ್ರುತಿ ಹಿಡಿದರು. ಮಾತು ಯಾವಾಗ ಹಾಡಾಯಿತೋ ಪಕ್ಕದಲ್ಲಿದ್ದ ನನಗೇ ತಿಳಿಯಲಿಲ್ಲ. ಕಡೆಯ ಸಾಲಿನಿಂದಲೇ ಮೊದಲು “ಒನ್ಸ್ ಮೋರ್” ಬಂತು. ಜನರೇಟರ್ ಮತ್ತೆ ಗುಡುಗಿದಾಗ ಯಾರೋ “ಬಂದ್ ಮಾಡ್ರೋ ಅದನ್ನ!” ಅಂದರು.

ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತ ಕೇಳಿದೆ, “ಕಾಕಾ, ನೀವು ಒದರಲೇ ಇಲ್ಲಲ್ರಿ?”

“ಒದರಿದರ ದನಿ ಕೇಳತೈತಿ ತಮ್ಮಾ, ಮಾತು ಕೇಳಂಗಿಲ್ಲ. ನೀವು ಮಾತಿನ ತಲಿ ಜೋರ್ ಹಿಡಿತೀರಿ, ಬಾಲ ನುಂಗ್ತೀರಿ. ಮಗಾ ಮನಿಗೆ ಬರ್ತಾನೋ, ಬರೂದಿಲ್ಲೋ ಅನ್ನೂದು ಬಾಲದಾಗs ಇರತೈತಿ. ಅದs ಕೇಳಲಿಲ್ಲಂದ್ರ ಮಂದಿ ಅಳೂದು ಯಾತಕ್ಕ?”

ಮರುದಿನದಿಂದ ಹಗಲು ಹೊತ್ತು ಖಾಲಿ ಟೆಂಟಿನಲ್ಲಿ ನನಗೆ ಪಾಠ. ನಾನು ರಂಗದ ಮೇಲೆ, ಕಾಕಾ ಬೀಡಿ ಸೇದುತ್ತ ಗೇಟಿನ ಹತ್ತಿರ. ಬಾಲ ಕೇಳದಿದ್ದರೆ ಕೈ ಎತ್ತುತ್ತಿದ್ದರು, ಮೊದಲಿಂದ ಹೇಳಬೇಕು.

ಈಗ ಧಾರಾವಾಹಿಯವರು ಅಜ್ಜನ ಪಾತ್ರಕ್ಕೆ ಕರೆಯುತ್ತಾರೆ, ಅಂಗಿಗೆ ಪುಟ್ಟ ಮೈಕು ಸಿಕ್ಕಿಸುತ್ತಾರೆ. ಸೌಂಡ್ ನೋಡಿಕೊಳ್ಳುವ ಹುಡುಗ ಹೆಡ್‌ಫೋನ್ ಸರಿಸಿ, “ಸರ್, ಸ್ವಲ್ಪ ಮೆಲ್ಲಗೆ” ಅನ್ನುತ್ತಾನೆ. ದನಿ ಎಷ್ಟು ಬೇಕಾದರೂ ಇಳಿಸುತ್ತೇನೆ, ಬಾಲ ಮಾತ್ರ ನುಂಗುವುದಿಲ್ಲ.