ಮಾನವಿಲ್ಲದ ಅಂಕೆ

ನಮಗೆ ಅರವತ್ತು ತುಂಬಿದ ವರ್ಷ ಮೇಲುಕೋಟೆಗೆ ಹೋಗಿ ಚೆಲುವನಾರಾಯಣಸ್ವಾಮಿಯ ದರ್ಶನ ಮಾಡಿಕೊಂಡು ಬರಬೇಕೆಂಬುದು ನಮ್ಮ ಮನೆಯವರ ಬಹುದಿನದ ಸಂಕಲ್ಪವಾಗಿತ್ತು. ಬಾಲ್ಯದಲ್ಲಿ ಕೆಲವು ವರ್ಷ ಅಲ್ಲಿಯೇ ಸಂಸ್ಕೃತ ಓದಿದವರಾದುದರಿಂದ ಆ ಬೆಟ್ಟದ ಮೇಲೆ ನಮಗೂ ಮೋಹವುಂಟು. ೨೦೨೩ನೆಯ ಇಸವಿಯ ಬೇಸಗೆಯಲ್ಲಿ ಒಂದು ಭಾನುವಾರ ಮುಂಜಾನೆ ನಮ್ಮ ಹಳೆಯ ಮಾರುತಿ ೮೦೦ ಕಾರಿನಲ್ಲಿ ಮೈಸೂರಿನಿಂದ ಹೊರಟೆವು. ಪುಳಿಯೋಗರೆಗೇ ಹೆಸರಾದ ಊರಿಗೆ ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇಕೆ ಎಂದು ನಾವು ಹಾಸ್ಯಮಾಡಿದುದೂ ನೆನಪಿದೆ. ಜಕ್ಕನಹಳ್ಳಿಯನ್ನು ದಾಟಿ ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಮುಂಭಾಗದಿಂದ ಹಬೆ ಎದ್ದಿತು. ಹಿಂಭಾಗದಿಂದ ಯಜ್ಞಶಾಲೆಯಲ್ಲಿ ಏಳುವಂತೆ ಬೆಳ್ಳನೆಯ ಹೊಗೆ ಬಂದಿತು. ಹಾಸ್ಯಮಾಡಿದ ಪುಳಿಯೋಗರೆಯನ್ನೇ ರಸ್ತೆಯ ಬದಿಯ ಮರದ ನೆರಳಿನಲ್ಲಿ ಕುಳಿತು ಉಂಡೆವು. ಸ್ವಾಮಿಯ ದರ್ಶನವಾಗಲಿಲ್ಲ. ಕಾರನ್ನು ಮತ್ತೊಂದು ವಾಹನಕ್ಕೆ ಹಗ್ಗದಿಂದ ಕಟ್ಟಿ ಎಳೆದು ತಂದದ್ದಾಯಿತು.

ಈ ಕಾರು ೧೯೯೭ರದು. ಮಾರುತಿ ೮೦೦ ನಮ್ಮ ದೇಶದಲ್ಲಿ ಮೊದಲು ಮಾರಾಟಕ್ಕೆ ಬಂದುದು ೧೯೮೩ರ ಡಿಸೆಂಬರಿನಲ್ಲಿ. ೨೦೧೪ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ದೂರದೂರಿನಲ್ಲಿರುವ ಮಗನು ಫೋನಿನಲ್ಲಿ, "ಅಪ್ಪಾ, ಇನ್ನು ಅದನ್ನು ಗುಜರಿಗೆ ಕೊಟ್ಟುಬಿಡಿ" ಎಂದನು. ಆದರೆ ಬಾಣಂತಿಯಾದ ಮಗಳನ್ನೂ ಹತ್ತು ದಿನದ ಮೊಮ್ಮಗುವನ್ನೂ ಆಸ್ಪತ್ರೆಯಿಂದ ಮನೆಗೆ ಕರೆತಂದುದು ಅದೇ ಕಾರು. ನಮ್ಮ ಮನೆಯವರು ಮಗನಿಗೆ ಉತ್ತರ ಕೊಡದೆ ಫೋನನ್ನು ನಮ್ಮ ಕೈಗೆ ಕೊಟ್ಟು ಒಳಗೆ ಹೋದರು. ಇನ್ನು ನಾವು ಮಾಡಬೇಕಾದುದೇನೆಂಬುದು ಸ್ಪಷ್ಟವಾಯಿತು.

ನಮ್ಮ ಬಡಾವಣೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮೇಸ್ತ್ರಿಯು ಒಂದು ಕಾಲಕ್ಕೆ ನಮ್ಮ ಶಿಷ್ಯನೇ. ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಪ್ರಶ್ನಪತ್ರಿಕೆಯ ತುಂಬ ವಿಸರ್ಗಗಳನ್ನೆಲ್ಲ ಬಿಟ್ಟು ಬರೆದಿದ್ದನೆಂದು ನಾವು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, "ಎರಡು ಚುಕ್ಕೆ ಬಿಟ್ಟರೆ ಅರ್ಥವೇ ಕೆಡುತ್ತದೆಯಲ್ಲೋ" ಎಂದು ಗದರಿದ್ದೆವು. ಮುಂದಿನ ವರ್ಷ ಅವನು ಶಾಲೆ ಬಿಟ್ಟನು. ಕಾರಣ ಬಡತನವೆಂದು ಅವನು ಹೇಳುತ್ತಾನೆ. ನಮಗೆ ಪೂರ್ಣವಾಗಿ ನಂಬಿಕೆಯಿಲ್ಲ. ಈಗಲೂ ನಮ್ಮನ್ನು ಕಂಡರೆ ಕೈಯ ಎಣ್ಣೆ ಒರಸಿಕೊಂಡೇ ಮಾತಾಡುತ್ತಾನೆ.

ಅವನು ನೋಡಿ ಹೇಳಿದನು: ಹೆಡ್ ಗ್ಯಾಸ್ಕೆಟ್ಟು ಹೋಗಿದೆ. ಇಂಜಿನ್ನಿನ ಕೆಳಗಿನ ಭಾಗ ಬ್ಲಾಕು, ಮೇಲಿನ ಭಾಗ ಹೆಡ್ಡು. ಎರಡರ ನಡುವೆ ತೆಳುವಾದ ಗ್ಯಾಸ್ಕೆಟ್ಟು ಇರುತ್ತದೆ. ಒಳಗಿನ ಉರಿ, ನೀರು, ಎಣ್ಣೆ ಈ ಮೂರೂ ಒಂದರೊಡನೊಂದು ಸೇರದಂತೆ ಕಾಯುವುದು ಅದರ ಕೆಲಸ. ನಮ್ಮ ಮೂರು ಸಿಲಿಂಡರುಗಳ ಇಂಜಿನ್ನಿನಲ್ಲಿ ಎಂಟು ಬೋಲ್ಟುಗಳು ಹೆಡ್ಡನ್ನು ಬ್ಲಾಕಿಗೆ ಅದುಮಿ ಹಿಡಿದಿರುತ್ತವೆ. ಕಡಮೆ ಬಿಗಿದರೆ ಗ್ಯಾಸ್ಕೆಟ್ಟು ಪುನಃ ಸೋರುವುದು. ಹೆಚ್ಚು ಬಿಗಿದರೆ ಬೋಲ್ಟು ಹಿಗ್ಗಿ ಕೆಡುವುದು, ಇಲ್ಲವೆ ಥ್ರೆಡ್ಡು ಕಿತ್ತುಬರುವುದು. ಆದುದರಿಂದ ಎಷ್ಟು ಬಿಗಿಯಬೇಕೆಂಬುದಕ್ಕೆ ತಯಾರಕರು ಒಂದು ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ಇದನ್ನು ಟಾರ್ಕ್ ಎನ್ನುವರು. ಬೀಸುವ ಕಲ್ಲಿನ ಗೂಟವು ಅಂಚಿನಲ್ಲಿದ್ದಷ್ಟೂ ಕಲ್ಲು ಸುಲಭವಾಗಿ ತಿರುಗುವುದನ್ನು ಮನೆಯ ಹೆಂಗಸರೆಲ್ಲ ಬಲ್ಲರು. ಬಲವೆಷ್ಟು, ಅದು ನಡುವಿನಿಂದ ಎಷ್ಟು ದೂರದಲ್ಲಿ ಬಿದ್ದಿತು ಎಂಬ ಎರಡನ್ನೂ ಗುಣಿಸಿದರೆ ಬರುವುದೇ ಟಾರ್ಕು. ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಒಂದು ಪೌಂಡು ಬಲ ಹಾಕಿದರೆ ಒಂದು ಅಡಿ-ಪೌಂಡು. ಒಂದು ಮೀಟರು ಉದ್ದಕ್ಕೆ ಒಂದು ಕಿಲೋಗ್ರಾಂ ಭಾರವಾದರೆ ಒಂದು ಕಿಲೋಗ್ರಾಂ-ಮೀಟರು. ಈಗಿನ ಪುಸ್ತಕಗಳಲ್ಲಿ ನ್ಯೂಟನ್-ಮೀಟರು.

ಅವನ ಟಾರ್ಕ್ ರೆಂಚು ಆಗ ಕೆಟ್ಟಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ನಾವೇ ಒಂದನ್ನು ಕೊಂಡು ತಂದೆವು. ಉದ್ದನೆಯ ಸರಳು, ಅದರ ಪಕ್ಕದಲ್ಲಿ ಒಂದು ಮುಳ್ಳು, ತುದಿಯಲ್ಲಿ ಅಂಕೆಗಳ ಪಟ್ಟಿ, ಇಷ್ಟೇ ಅದರ ರಚನೆ. ಸರಳು ಬಾಗಿದಂತೆ ಮುಳ್ಳು ಅಂಕೆಯನ್ನು ತೋರಿಸುತ್ತದೆ. ಹೊರವರಿಯಲ್ಲಿ ದೊಡ್ಡ ಕಪ್ಪು ಅಂಕೆಗಳಿದ್ದವು. ಒಳವರಿಯಲ್ಲಿ ಸಣ್ಣ ಕೆಂಪು ಅಂಕೆಗಳು, ಅರ್ಧ ಅಳಿಸಿದ್ದವು. ಶಿಷ್ಯನು ಎಣ್ಣೆಗಪ್ಪಾದ ತನ್ನ ಪುಟ್ಟ ನೋಟುಪುಸ್ತಕವನ್ನು ತೆರೆದನು. ಅಲ್ಲಿ "೮೦೦ ಹೆಡ್ – ೬೦" ಎಂದು ಬರೆದಿತ್ತು. ನಮ್ಮ ವಯಸ್ಸೂ ಅಷ್ಟೇ ಎಂದು ನಕ್ಕು, ರೆಂಚಿನ ಅಂಕೆ ಓದುವ ಕೆಲಸವನ್ನು ನಾವು ವಹಿಸಿಕೊಂಡೆವು. ಮೇಷ್ಟರಾಗಿದ್ದವರಿಗೆ ಸುಮ್ಮನೆ ನಿಂತು ನೋಡುವುದು ಬಾರದು.

ಬೋಲ್ಟುಗಳನ್ನು ಒಂದೇ ಸಲಕ್ಕೆ ಪೂರ್ಣ ಬಿಗಿಯುವ ಪದ್ಧತಿಯಿಲ್ಲ. ನಡುವಿನವುಗಳಿಂದ ಆರಂಭಿಸಿ ಎದುರುಬದುರಾಗಿ ಅಂಚಿನ ಕಡೆಗೆ ಹೋಗಬೇಕು. ಹೀಗೆ ಎರಡು ಮೂರು ಸುತ್ತು. ಇಲ್ಲದಿದ್ದರೆ ಹೆಡ್ಡು ಸೊಟ್ಟಗೆ ಕೂರುತ್ತದೆ. ಮೊದಲನೆಯ ಸುತ್ತು ಇಪ್ಪತ್ತಕ್ಕೆ, ಎರಡನೆಯದು ನಲವತ್ತಕ್ಕೆ ಮುಗಿಯಿತು. ಆಗ ಶಿಷ್ಯನು ಕೈ ನಿಲ್ಲಿಸಿ, "ಸಾರ್, ಇದು ಸಾಕು ಅನ್ಸುತ್ತೆ" ಎಂದನು.

"ಅನಿಸುವುದೇನಯ್ಯಾ? ನೀನೇ ಬರೆದಿದ್ದೀಯೆ, ಅರವತ್ತು. ಇನ್ನೂ ಇಪ್ಪತ್ತು ಉಳಿದಿದೆ."

"ಕೈಗೆ ಗೊತ್ತಾಗುತ್ತೆ ಸಾರ್."

"ಕೈ ಪ್ರಮಾಣವಲ್ಲ, ಅಂಕೆ ಪ್ರಮಾಣ" ಎಂದೆವು. ಅವನು ಮರುಮಾತಾಡಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದ್ದ ದಿನವೂ ಅವನು ಮರುಮಾತಾಡಿರಲಿಲ್ಲ.

ಮೂರನೆಯ ಸುತ್ತಿನಲ್ಲಿ ಮೊದಲ ಎರಡು ಬೋಲ್ಟುಗಳು ಅರವತ್ತಕ್ಕೆ ಬಂದುವು. ಮೂರನೆಯದರಲ್ಲಿ ಮುಳ್ಳು ಐವತ್ತನ್ನು ದಾಟಿ ಅಲ್ಲಿಯೇ ನಿಂತಿತು. ಹಿಡಿ ಮಾತ್ರ ತಿರುಗುತ್ತಲೇ ಹೋಯಿತು. ಬೆಣ್ಣೆಯಲ್ಲಿ ಸೌಟು ತಿರುಗಿದಂತೆ ಸುಲಭವಾಗಿ, ಸದ್ದಿಲ್ಲದೆ ತಿರುಗಿತು. ಶಿಷ್ಯನು ರೆಂಚನ್ನು ತೆಗೆದು ನೆಲದ ಮೇಲಿಟ್ಟು, "ಥ್ರೆಡ್ ಹೋಯ್ತು ಸಾರ್" ಎಂದನು. ಬೋಲ್ಟನ್ನು ಬಿಚ್ಚಿ ತೆಗೆದಾಗ ಬ್ಲಾಕಿನ ಥ್ರೆಡ್ಡು ಬಳೆಬಳೆಯಾಗಿ ಅದಕ್ಕೆ ಸುತ್ತಿಕೊಂಡು ಬಂದಿತು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೊದಲು ಬಂದ ಯೋಚನೆ ಶಿಷ್ಯನ ಮೇಲಿನ ಕೋಪವೇ ಎಂಬುದನ್ನು ಮುಚ್ಚಿಡುವುದಿಲ್ಲ. ಮಾನ ಬರೆಯದೆ ಬರಿಯ ಅಂಕೆ ಬರೆದವನು ಅವನಲ್ಲವೆ? ವಿಸರ್ಗ ಬಿಟ್ಟ ಹುಡುಗ ಈಗ ಮಾನವನ್ನೂ ಬಿಟ್ಟನಲ್ಲ! ಬೆಳಿಗ್ಗೆ ಹೋಗಿ ಹಾಗೆಯೇ ಕೇಳಿಯೂ ಬಿಟ್ಟೆವು. ಅವನು ಶಾಂತವಾಗಿ, "ಅದು ನನಗೋಸ್ಕರ ಬರ್ಕೊಂಡಿದ್ದು ಸಾರ್. ನನ್ನ ರೆಂಚಲ್ಲಿ ನ್ಯೂಟನ್ ಮೀಟರ್ ಒಂದೇ ಇರೋದು" ಎಂದನು.

ಸಂಸ್ಕೃತ ಪಾಠಶಾಲೆಗಳಲ್ಲಿ ಮಕ್ಕಳಿಗೂ ಹೇಳುವ ಒಂದು ಉದಾಹರಣೆಯುಂಟು. ಯಜಮಾನನು "ಸೈಂಧವವನ್ನು ತಾ" ಎನ್ನುತ್ತಾನೆ. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತಿದ್ದರೆ ಉಪ್ಪನ್ನು ತರಬೇಕು, ಪ್ರಯಾಣಕ್ಕೆ ನಿಂತಿದ್ದರೆ ಕುದುರೆಯನ್ನು ತರಬೇಕು. ಪ್ರಕರಣವನ್ನು ನೋಡದೆ ಅರ್ಥ ಮಾಡಬಾರದೆಂದು ಮೂವತ್ತು ವರ್ಷ ಇದನ್ನು ಹೇಳಿಕೊಟ್ಟ ನಾವು, ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ್ದೆವು! ಆ ನೋಟುಪುಸ್ತಕದಲ್ಲಿ ಅರವತ್ತು ಸರಿಯಾಗಿಯೇ ಇತ್ತು. ನಾವು ತಂದ ರೆಂಚಿನ ಹೊರವರಿಯ ಕಪ್ಪು ಅಂಕೆಗಳು ಅಡಿ-ಪೌಂಡುಗಳು. ಒಂದು ಅಡಿ-ಪೌಂಡು ಸುಮಾರು ೧.೩೫೬ ನ್ಯೂಟನ್-ಮೀಟರು. ನಮ್ಮ ಅರವತ್ತು ನಿಜವಾಗಿ ಎಂಬತ್ತೊಂದಾಗಿತ್ತು. ಶಿಷ್ಯನ ಕೈ "ಸಾಕು" ಎಂದ ನಲವತ್ತು ನಿಜವಾಗಿ ಐವತ್ತನಾಲ್ಕಾಗಿತ್ತು. ಈ ಗುಣಾಕಾರವನ್ನು ಮಾಡಿ ಮುಗಿಸಿದಾಗ ಅವನ ಮುಖವನ್ನು ನೋಡಲು ನಮಗೆ ಕಷ್ಟವಾಯಿತು.

ಇನ್ನು ಪ್ರಮಾಣಗ್ರಂಥವನ್ನೇ ನೋಡದೆ ಬೋಲ್ಟು ಮುಟ್ಟಬಾರದೆಂದು ನಿಶ್ಚಯಿಸಿದೆವು. ಹಳೆಯ ಕಾರುಗಳ ವಿಷಯದಲ್ಲಿ ಇದು ಸುಲಭವಲ್ಲ. ಒಬ್ಬರು ಐವತ್ತೈದೆಂದರು, ಒಬ್ಬರು ನಲವತ್ತೆಂದರು, ಮತ್ತೊಬ್ಬರು ಆರು ಎಂದರು. ಕೊನೆಗೆ ಬಿಡಿಭಾಗಗಳ ಅಂಗಡಿಯ ವೃದ್ಧರೊಬ್ಬರು ಇದೇ ಇಂಜಿನ್ನಿನ ದುರಸ್ತಿ ಪುಸ್ತಕದ ನೆರಳಚ್ಚು ಪ್ರತಿಯನ್ನು ಎರಡು ದಿನದ ಮಟ್ಟಿಗೆ ಕೊಟ್ಟರು. ಅದರಲ್ಲಿ ಹೆಡ್ ಬೋಲ್ಟಿನ ಮುಂದೆ ಮೂರು ಅಂಕಣಗಳಿದ್ದವು: ೫೫–೬೦ ನ್ಯೂಟನ್-ಮೀಟರು, ೫.೫–೬.೦ ಕಿಲೋಗ್ರಾಂ-ಮೀಟರು, ೪೦–೪೩.೫ ಅಡಿ-ಪೌಂಡು. ಹಾಗಾದರೆ ಐವತ್ತೈದೆಂದವರೂ, ನಲವತ್ತೆಂದವರೂ, ಆರೆಂದವರೂ ಒಂದೇ ಮಾತನ್ನು ಹೇಳಿದ್ದರು. ಮಾನವನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಪ್ರತಿಯಲ್ಲಿ ಅಚ್ಚು ಮಸುಕಾಗಿದ್ದುದರಿಂದ ಅದನ್ನೂ ಪರೀಕ್ಷಿಸದೆ ಬಿಡಲಿಲ್ಲ. ತಾಳೆಗರಿಯ ಶ್ಲೋಕದಲ್ಲಿ ಒಂದಕ್ಷರ ತಪ್ಪಾಗಿದ್ದರೆ ಛಂದಸ್ಸೇ ಅದನ್ನು ಹಿಡಿದುಕೊಡುತ್ತದೆ. ಇಲ್ಲಿ ಮೂರು ಅಂಕಣಗಳು ಒಂದಕ್ಕೊಂದು ಛಂದಸ್ಸಿನಂತೆ ಇವೆ. ಒಂದು ಕಿಲೋಗ್ರಾಂ-ಮೀಟರು ೭.೨೩ ಅಡಿ-ಪೌಂಡು, ಐದೂವರೆಯನ್ನು ಅದರಿಂದ ಗುಣಿಸಿದರೆ ೩೯.೮, ಆರನ್ನು ಗುಣಿಸಿದರೆ ೪೩.೪. ಪಾಠ ಶುದ್ಧವಾಗಿತ್ತು. ಅದೇ ಪುಟದಲ್ಲಿ ಕನೆಕ್ಟಿಂಗ್ ರಾಡಿನ ನಟ್ಟಿಗೆ ೨೮–೩೨ ನ್ಯೂಟನ್-ಮೀಟರೆಂದಿತ್ತು, ಹೆಡ್ ಬೋಲ್ಟಿನ ಸುಮಾರು ಅರ್ಧ. ಒಂದು ಸಾಲು ತಪ್ಪಿ ಓದಿದರೂ ಇಂಜಿನ್ನು ಹಾಳಾಗುವುದೆಂದು ನಾವು ಆ ಸಾಲಿನ ಕೆಳಗೆ ಸ್ಕೇಲನ್ನು ಇಟ್ಟುಕೊಂಡೇ ಓದಿದೆವು.

ಆದರೆ ಅಂಕೆ ಸರಿಯಾದ ಮೇಲೂ ಕೆಲಸ ಮುಗಿಯುವುದಿಲ್ಲವೆಂದು ಶಿಷ್ಯನು ತಿಳಿಸಿಕೊಟ್ಟನು. ನಮಗೆ ಬೇಕಾದುದು ತಿರುಗಿಸುವ ಬಲವಲ್ಲ, ಅದುಮುವ ಬಲ. ಬಿಗಿದ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಹೆಡ್ಡನ್ನು ಎಳೆದು ಹಿಡಿಯುತ್ತದೆ. ನಾವು ಕೊಡುವ ಬಲದ ಬಹುಪಾಲು ಬೋಲ್ಟಿನ ತಲೆಯಡಿಯಲ್ಲೂ ಥ್ರೆಡ್ಡಿನಲ್ಲೂ ಉಜ್ಜಾಟಕ್ಕೆ ವೆಚ್ಚವಾಗುತ್ತದೆ. ಹತ್ತರಲ್ಲಿ ಸುಮಾರು ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ತುಕ್ಕು ಹಿಡಿದಿದ್ದರೆ ಮುಳ್ಳು ಅರವತ್ತು ತೋರಿಸಿದರೂ ಹಿಡಿತ ಸಾಲದು; ಎಣ್ಣೆ ಸುರಿದಿದ್ದರೆ ಅದೇ ಅರವತ್ತಕ್ಕೆ ಹಿಡಿತ ಮಿತಿಮೀರುತ್ತದೆ. ಇನ್ನೊಂದು ಅಪಾಯ ನಮಗೆ ಹೊಳೆದಿರಲೇ ಇಲ್ಲ. ಬೋಲ್ಟಿನ ಕುರುಡು ಕುಳಿಯಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ, ಬೋಲ್ಟು ಇಳಿದಂತೆ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಇದನ್ನೆಲ್ಲ ಅವನು ಹೇಳುತ್ತಿದ್ದಾಗ ನಾವು ಗ್ಯಾರೇಜಿನ ಮರದ ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದೆವು, ಅವನು ನಿಂತಿದ್ದನು.

ಕೆಟ್ಟ ಕುಳಿಯನ್ನು ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ಡು ಮಾಡಿ, ಅದರೊಳಗೆ ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸಿದ್ದಾಯಿತು. ಇದಕ್ಕೆ ಲೇತ್ ಕೆಲಸದವರನ್ನು ಕರೆಸಬೇಕಾಯಿತು. ಎಳೆದಾಡಿಸಿಕೊಂಡ ಬೋಲ್ಟುಗಳನ್ನು ನಂಬಬಾರದೆಂದು ಎಂಟೂ ಹೊಸವು. ಒಮ್ಮೆ ಅದುಮಿದ ಗ್ಯಾಸ್ಕೆಟ್ಟನ್ನು ಪುನಃ ಹಾಕಬಾರದೆಂದು ಅದೂ ಹೊಸದು. ಆ ತಿಂಗಳ ಪಿಂಚಣಿಯಲ್ಲಿ ಕಾಲು ಭಾಗ ಹೀಗೆ ಹೋಯಿತು. ಲೇತ್ ಕೆಲಸದವರು, "ಯಾವ ಪುಣ್ಯಾತ್ಮ ಇಷ್ಟು ಬಿಗಿದದ್ದು?" ಎಂದು ಕೇಳಿದರು. ಶಿಷ್ಯನು ಬ್ಲಾಕಿನಿಂದ ತಲೆ ಎತ್ತದೆ, "ಹಳೇ ಗಾಡಿ ಅಣ್ಣಾ, ಆಗುತ್ತೆ" ಎಂದನು.

ಅವರು ಹೋದ ಮೇಲೆ, "ತಪ್ಪು ನಮ್ಮದೆಂದು ಹೇಳಬಹುದಾಗಿತ್ತಲ್ಲ" ಎಂದೆವು.

"ಬಿಡಿ ಸಾರ್, ನಾನೂ ಬರ್ಕೋಬೇಕಾಗಿತ್ತು" ಎಂದು, ನೋಟುಪುಸ್ತಕವನ್ನು ತೆಗೆದು, ಅರವತ್ತರ ಮುಂದೆ "ನ್ಯೂ. ಮೀ." ಎಂದು ಬರೆದು, ಅಭ್ಯಾಸಬಲದಿಂದಲೋ ಏನೋ, ನಮ್ಮ ಕಡೆಗೆ ಹಿಡಿದನು. ನಾವು ನೋಡಿ ತಲೆಯಾಡಿಸಿದೆವು. ಎರಡು ಚುಕ್ಕೆಗಳನ್ನೂ ಇಟ್ಟಿದ್ದನು.

ಎರಡನೆಯ ಸಲ ರೆಂಚನ್ನು ನಮ್ಮ ಕೈಗೆ ಕೊಟ್ಟು, ತಾನು ಇಂಜಿನ್ನಿನ ಆಚೆ ಬದಿಯಲ್ಲಿ ನಿಂತನು. ಅಳಿಸಿದ ಕೆಂಪು ಅಂಕೆಗಳ ಮೇಲೆ ನಾವು ಮಸಿಯಿಂದ ಗುರುತು ಮಾಡಿದ್ದೆವು. ಮುಳ್ಳನ್ನು ಓರೆಯಾಗಿ ನೋಡಿದರೆ ಅಂಕೆ ತಪ್ಪುತ್ತದೆಂದು ಕನ್ನಡಕ ಹಾಕಿಕೊಂಡು ನೇರವಾಗಿ ಬಗ್ಗಿ ಎಳೆದೆವು. ಕೊನೆಯ ಸುತ್ತಿನಲ್ಲಿ, ಮುಳ್ಳು ಕಾಣದ ಬದಿಯಲ್ಲಿದ್ದ ಅವನು ಹೆಡ್ಡಿನ ಮೇಲೆ ಅಂಗೈಯಿಟ್ಟುಕೊಂಡು, "ಸಾಕು ಸಾರ್" ಎಂದನು. ನೋಡಿದೆವು, ಐವತ್ತೆಂಟು.

ಹತ್ತು ದಿನಗಳ ತರುವಾಯ ಜಕ್ಕನಹಳ್ಳಿಯ ಏರನ್ನು ಎರಡನೆಯ ಗೇರಿನಲ್ಲಿ ಮೆಲ್ಲನೆ ಹತ್ತಿದೆವು. ಮುಳ್ಳು ನಡುವಿನಲ್ಲಿಯೇ ಇತ್ತು. ಹಿಂದಿನ ಸೀಟಿನಲ್ಲಿ ಶಿಷ್ಯನೂ ಅವನ ಹೆಂಡತಿಯೂ ಕುಳಿತಿದ್ದರು. ಅವರನ್ನು ಕರೆದವರು ನಮ್ಮ ಮನೆಯವರು. ಈ ಸಲ ಪುಳಿಯೋಗರೆ ಕಟ್ಟಿಕೊಂಡಿರಲಿಲ್ಲ.